ಕಲಿಕೆ ಅರ್ಧಕ್ಕೆ ಬಂದು ನಿಂತಿದೆ, ಬಿಟ್ಟುಬಿಡಬೇಕು ಅನ್ನಿಸುತ್ತಿದೆ. ನೀವು ಹೇಗೆ ಮುಂದುವರಿದಿರಿ?

ಸಂಜೆ_ಕಲಿಕೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಇರುವುದು ಬೇರೆ ಕ್ಷೇತ್ರದ ಕೆಲಸದಲ್ಲಿ. ಸಾಫ್ಟ್‌ವೇರ್ ಕಡೆ ಹೋಗಬೇಕು ಅಂತ ಸಂಜೆ ಹೊತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದೆ. ಮೊದಮೊದಲು ಎಷ್ಟು ಖುಷಿ ಇತ್ತು ಅಂದರೆ ಮನೆಗೆ ಬಂದು ಯಾವಾಗ ಲ್ಯಾಪ್‌ಟಾಪ್ ತೆಗೆಯುತ್ತೇನೋ ಅನ್ನಿಸುತ್ತಿತ್ತು. ಲೂಪ್, ಫಂಕ್ಷನ್, ಲಿಸ್ಟ್, ಡಿಕ್ಷನರಿ ಎಲ್ಲ ಬೇಗ ಅರ್ಥವಾಯಿತು. ಆಮೇಲೆ ಕೋರ್ಸ್‌ನಲ್ಲಿ ಸ್ವಂತ ಪ್ರಾಜೆಕ್ಟ್ ಮಾಡಿ ಅಂದರು. ಓದಿದ ಪುಸ್ತಕಗಳ ಲೆಕ್ಕ ಇಡುವ ಚಿಕ್ಕ ವೆಬ್ ಆಪ್ ಮಾಡೋಣ ಅಂದುಕೊಂಡೆ. ಅಲ್ಲಿಂದ ಕಷ್ಟ ಶುರುವಾಯಿತು. ಡೇಟಾಬೇಸ್, ಸರ್ವರ್, ಫಾರ್ಮ್, ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಈಗ ಲ್ಯಾಪ್‌ಟಾಪ್ ತೆಗೆಯುತ್ತೇನೆ, ಆ ಕೆಂಪು ಅಕ್ಷರದ ಎರರ್ ನೋಡುತ್ತೇನೆ, ಮುಚ್ಚಿ ಇಡುತ್ತೇನೆ.

ಸ್ಫೂರ್ತಿ ಕೊಡುವ ವಿಡಿಯೋಗಳನ್ನು ನೋಡುತ್ತೇನೆ. ನೋಡಿದಾಗ ಮೈಯೆಲ್ಲ ಬಿಸಿಯಾಗುತ್ತದೆ, ನಾಳೆಯಿಂದ ಬಿಡಲ್ಲ ಅನ್ನಿಸುತ್ತದೆ, ಬೆಳಗಾಗುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ನನ್ನ ಜೊತೆ ಶುರು ಮಾಡಿದವರಲ್ಲಿ ಕೆಲವರು ಆಗಲೇ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ, ಅದನ್ನು ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ನನಗೆ ನಿಜವಾಗಿ ತಿಳಿಯಬೇಕಾಗಿರುವುದು ಇಷ್ಟು. ಬಿಡದೆ ಹಿಡಿದು ಮುಗಿಸುವವರಿಗೆ ಹುಟ್ಟಿನಿಂದಲೇ ಛಲ ಜಾಸ್ತಿ ಇರುತ್ತದಾ? ಇಲ್ಲದವರು ಅದನ್ನು ಬೆಳೆಸಿಕೊಳ್ಳಬಹುದಾ? ಮತ್ತೆ, ಇದು ನನಗೆ ಆಗುವ ಕೆಲಸವೇ ಅಲ್ಲ ಅಂತಿದ್ದರೆ ಅದನ್ನು ತಿಳಿಯುವುದು ಹೇಗೆ? ಸುಮ್ನೆ ಧೈರ್ಯ ಹೇಳಬೇಡಿ, ನೀವು ಏನು ಮಾಡಿದಿರಿ ಅದನ್ನು ಹೇಳಿ.

ಥೀಸಿಸ್_ಮುಗೀತು

ನಾನು ಪಿಎಚ್‌ಡಿ ಮಾಡುವಾಗ ಸರಿಯಾಗಿ ಇದೇ ಜಾಗದಲ್ಲಿ ಇದ್ದೆ, ಅದಕ್ಕೆ ಬರೆಯುತ್ತಿದ್ದೇನೆ. ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಮಧ್ಯದಲ್ಲಿ ಹುರುಪು ಇಳಿಯುವುದು ನಿಮ್ಮೊಬ್ಬರ ಗುಣ ಅಲ್ಲ. 1930ರ ದಶಕದಲ್ಲಿ ಕ್ಲಾರ್ಕ್ ಹಲ್ ಎಂಬ ಮನಶ್ಶಾಸ್ತ್ರಜ್ಞರು ಇಲಿಗಳನ್ನು ಓಡಿಸಿ ನೋಡಿದರು, ಗುರಿ ಹತ್ತಿರ ಬಂದಷ್ಟೂ ಅವು ಜೋರಾಗಿ ಓಡುತ್ತಿದ್ದವು. ಮನುಷ್ಯರಲ್ಲೂ ಅದು ಕಾಣಿಸುತ್ತದೆ. 2011ರಲ್ಲಿ ಆಂಡ್ರಿಯಾ ಬೊನೆಝಿ ಮತ್ತು ಜೊತೆಗಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಉತ್ಸಾಹ ಶುರುವಿನಲ್ಲೂ ಕೊನೆಯಲ್ಲೂ ಹೆಚ್ಚಿದ್ದು ನಡುವೆ ಕುಸಿಯುತ್ತದೆ ಎಂದು ತೋರಿಸಿದರು. ಅವರ ವಿವರಣೆ ನನಗೆ ತುಂಬಾ ಹಿಡಿಸಿತು. ಶುರುವಿನಲ್ಲಿ ನಾವು ಎಷ್ಟು ದೂರ ಬಂದೆವು ಅಂತ ಅಳೆಯುತ್ತೇವೆ, ಆಗ ಪ್ರತಿ ಪಾಠವೂ ದೊಡ್ಡದಾಗಿ ಕಾಣುತ್ತದೆ. ಕೊನೆಗೆ ಬಂದಾಗ ಎಷ್ಟು ಉಳಿದಿದೆ ಅಂತ ಅಳೆಯುತ್ತೇವೆ, ಆಗಲೂ ಒಂದೊಂದು ಹೆಜ್ಜೆಗೂ ಬೆಲೆ ಇದೆ. ನಡುವೆ ಇರುವಾಗ ಎರಡೂ ತುದಿ ದೂರ. ನೂರರಲ್ಲಿ ಐವತ್ತು ಐವತ್ತೊಂದಾದರೆ ಯಾರಿಗೆ ಗೊತ್ತಾಗುತ್ತದೆ ಹೇಳಿ?

ಹಾಗಾಗಿ ನಾನು ನಡುಭಾಗವನ್ನೇ ಚಿಕ್ಕದು ಮಾಡಿದೆ. "ಮೂರನೇ ಅಧ್ಯಾಯ ಬರೆಯಬೇಕು" ಅಂತ ಬರೆದುಕೊಳ್ಳುವುದನ್ನು ನಿಲ್ಲಿಸಿ, "ಎರಡನೇ ಪಟ್ಟಿಯಲ್ಲಿ ಏನು ಕಾಣುತ್ತದೆ ಅಂತ ಒಂದು ಪ್ಯಾರಾ" ಅಂತ ಬರೆದುಕೊಳ್ಳತೊಡಗಿದೆ. ನಿಮ್ಮ ವಿಷಯಕ್ಕೆ ಬಂದರೆ "ಡೇಟಾಬೇಸ್ ಕಲಿಯಬೇಕು" ಅನ್ನುವುದು ಕೆಲಸವೇ ಅಲ್ಲ, ಅದಕ್ಕೆ ಕೊನೆ ಎಲ್ಲಿದೆ? "ಒಂದು ಟೇಬಲ್ ಮಾಡಿ ಅದಕ್ಕೆ ಒಂದು ಪುಸ್ತಕದ ಹೆಸರು ಸೇರಿಸಬೇಕು, ಮತ್ತೆ ಓದಿ ತೆರೆಯ ಮೇಲೆ ತೋರಿಸಬೇಕು" ಅನ್ನುವುದು ಕೆಲಸ. ಅದು ಆಯಿತೋ ಇಲ್ಲವೋ ಅಂತ ಯಾರನ್ನೂ ಕೇಳಬೇಕಿಲ್ಲ, ತೆರೆಯೇ ಹೇಳುತ್ತದೆ.

ಇನ್ನೊಂದು ರೂಢಿ ಮಾಡಿಕೊಂಡೆ, ನನ್ನನ್ನು ಹೆಚ್ಚು ಕಾಪಾಡಿದ್ದು ಬಹುಶಃ ಇದೇ. ದಿನದ ಕೆಲಸ ಮುಚ್ಚುವ ಮೊದಲು ನಾಳೆ ಮೊಟ್ಟಮೊದಲು ಏನು ಮಾಡಬೇಕು ಎಂದು ಒಂದೇ ಒಂದು ಸಾಲು ಬರೆದಿಡುವುದು. ಫೈಲ್‌ನ ಮೇಲ್ಭಾಗದಲ್ಲೇ ಬರೆಯಿರಿ. ಮರುದಿನ ದಣಿದು ಬಂದ ತಲೆಗೆ ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುವುದೇ ಅರ್ಧ ಕೆಲಸ, ಆ ಯೋಚನೆ ಆಗಲೇ ಮುಗಿದಿರುತ್ತದೆ.

ತೆರೆಸಾ ಅಮಾಬೈಲ್ ಎಂಬ ಸಂಶೋಧಕಿಯ ತಂಡ 7 ಕಂಪನಿಗಳ 238 ಜನರಿಂದ ಸುಮಾರು 12,000 ದಿನಚರಿ ಬರಹಗಳನ್ನು ಕಲೆಹಾಕಿ ನೋಡಿತ್ತು. ಜನರಿಗೆ ಕೆಲಸದಲ್ಲಿ ಒಳ್ಳೆಯ ದಿನ ಅನ್ನಿಸಿದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು, ತಮಗೆ ಅರ್ಥ ಇದೆ ಅನ್ನಿಸಿದ ಕೆಲಸದಲ್ಲಿ ಸ್ವಲ್ಪವಾದರೂ ಮುಂದೆ ಹೋದದ್ದು. ಹೊಗಳಿಕೆ, ಬಹುಮಾನ ಎಲ್ಲ ಅದರ ನಂತರ. ಉತ್ಸಾಹ ಬರಲಿ, ಆಮೇಲೆ ಕೂರುತ್ತೇನೆ ಅಂತ ಕಾಯಬೇಡಿ. ಕೂತು ಒಂದು ಚೂರು ಮುಂದೆ ಹೋದರೆ ಅದು ಹಿಂದೆಯೇ ಬರುತ್ತದೆ.

ಮೊಣಕಾಲು_ರಿಪೇರಿ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ನನ್ನದು ಕೋಡಿಂಗ್ ಅಲ್ಲ. ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆಗಿ ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡಬೇಕಾಯಿತು. ಅದು ಎಂಥ ಬೇಸರದ ಕೆಲಸ ಅಂತ ಮಾಡಿದವರಿಗೇ ಗೊತ್ತು. ದಿನವೂ ಅದೇ ಕಾಲು ಎತ್ತುವುದು, ಅದೇ ನೋವು, ನಿನ್ನೆಗೂ ಇವತ್ತಿಗೂ ಏನೂ ವ್ಯತ್ಯಾಸ ಕಾಣುವುದಿಲ್ಲ.

ಫಿಸಿಯೋ ಆಗಾಗ ಕೋನಮಾಪಕ ಇಟ್ಟು ಕಾಲು ಎಷ್ಟು ಡಿಗ್ರಿ ಮಡಿಯುತ್ತದೆ ಅಂತ ಅಳೆದು ಬರೆಯುತ್ತಿದ್ದರು. ಒಂದು ದಿನ ನಾನು ಇನ್ನು ಆಗಲ್ಲ ಅಂದಾಗ ಅವರು ಮಾತಾಡಲಿಲ್ಲ, ಆ ಹಾಳೆಯನ್ನು ತೋರಿಸಿದರು ಅಷ್ಟೆ. ಅಂಕಿ ಏರುತ್ತಾ ಬಂದಿತ್ತು. ನನ್ನ ಅನಿಸಿಕೆ ಒಂದು ಹೇಳುತ್ತಿತ್ತು, ಹಾಳೆ ಇನ್ನೊಂದು ಹೇಳುತ್ತಿತ್ತು. ಅವತ್ತಿನಿಂದ ನಾನು ಅನಿಸಿಕೆಗಿಂತ ಹಾಳೆಯನ್ನು ನಂಬಿದೆ. ನೀವೂ ಏನಾದರೂ ಬರೆದಿಡಿ. ಇವತ್ತು ಯಾವ ಎರರ್ ಬಂತು, ಹೇಗೆ ಬಗೆಹರಿಯಿತು, ಎರಡು ಸಾಲು ಸಾಕು. ಕೆಲವು ವಾರ ಬಿಟ್ಟು ಹಿಂದಿನ ಪುಟ ನೋಡಿದಾಗ, ಆಗ ಒಂದು ಸಂಜೆ ಪೂರ್ತಿ ತಿಂದ ಎರರ್ ಈಗ ನೋಡಿದ ತಕ್ಷಣ ಗೊತ್ತಾಗುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಜೊತೆಯವರು ಎಲ್ಲಿದ್ದಾರೆ ಅನ್ನುವುದು ಆ ಪುಟದಲ್ಲಿ ಇರುವುದೇ ಇಲ್ಲ.

ವಿಡಿಯೋ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ, ಯಾಕೆಂದರೆ ಅವು ಕೊಡುವುದು ಗೆದ್ದ ಮೇಲಿನ ಸುಖ, ಅದೂ ಗೆಲ್ಲುವ ಮೊದಲೇ. 1991ರಲ್ಲಿ ಗಾಬ್ರಿಯೆಲೆ ಎಟಿಂಗೆನ್ ಮತ್ತು ಥಾಮಸ್ ವಾಡನ್ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಮಹಿಳೆಯರನ್ನು ಗಮನಿಸಿದರು. ನನ್ನಿಂದ ಆಗುತ್ತದೆ ಎಂದು ನಂಬಿದವರು ಹೆಚ್ಚು ತೂಕ ಇಳಿಸಿದರು. ಆದರೆ ತೆಳ್ಳಗಾದ ಮೇಲೆ ಹೇಗಿರುತ್ತೇನೆ ಎಂದು ಸುಖವಾಗಿ ಕನಸು ಕಂಡವರು ಕಡಿಮೆ ಇಳಿಸಿದರು. ನಂಬಿಕೆ ಬೇರೆ, ಹಗಲುಗನಸು ಬೇರೆ. ಎಟಿಂಗೆನ್ ಆಮೇಲೆ ಹೇಳಿದ ದಾರಿ ಹೀಗಿದೆ: ನಿಮಗೆ ಬೇಕಾದದ್ದನ್ನು ಮನಸ್ಸಿಗೆ ತಂದುಕೊಳ್ಳಿ, ಕೂಡಲೇ ಅದಕ್ಕೆ ಅಡ್ಡ ಬರುವ ನಿಮ್ಮೊಳಗಿನ ತೊಡಕನ್ನೂ ತಂದುಕೊಳ್ಳಿ. ನಿಮ್ಮ ವಿಷಯದಲ್ಲಿ ತೊಡಕು ಯಾವುದು ಅಂತ ನೀವೇ ಬರೆದಿದ್ದೀರಿ. ಕೆಂಪು ಅಕ್ಷರ ಕಂಡ ಕೂಡಲೇ ಕೈ ಲ್ಯಾಪ್‌ಟಾಪ್ ಮುಚ್ಚುತ್ತದೆ. ಆ ಒಂದು ಗಳಿಗೆಗೆ ತಯಾರಿ ಬೇಕು, ಇಡೀ ಬದುಕಿಗೆ ಅಲ್ಲ.

ಅದಕ್ಕೆ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಹೇಳುವ "ಹೀಗಾದರೆ ಹೀಗೆ" ಯೋಜನೆ ಚೆನ್ನಾಗಿ ಹೊಂದುತ್ತದೆ. "ಎರರ್ ಕಂಡರೆ, ಮುಚ್ಚುವ ಮೊದಲು ಅದರ ಕೊನೆಯ ಸಾಲನ್ನು ಪುಸ್ತಕದಲ್ಲಿ ಕೈಯಿಂದ ಬರೆಯುತ್ತೇನೆ." ಇಷ್ಟೇ. ಬರೆದ ಮೇಲೆ ಮುಚ್ಚಿದರೂ ಪರವಾಗಿಲ್ಲ. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬರೀ ಮಾಡುತ್ತೇನೆ ಅಂದುಕೊಂಡವರಿಗಿಂತ ಯಾವಾಗ, ಎಲ್ಲಿ, ಏನು ಎಂದು ಮೊದಲೇ ಗೊತ್ತು ಮಾಡಿಕೊಂಡವರು ಚೆನ್ನಾಗಿಯೇ ಮುಂದಿದ್ದರು.

ಕೊನೆಗೆ ತಪ್ಪಿದ ದಿನಗಳ ಬಗ್ಗೆ. ಒಂದು ದಿನ ತಪ್ಪಿತು, ಇನ್ನೇನು ಎಲ್ಲ ಹಾಳಾಯಿತು ಅಂತ ವಾರವಿಡೀ ಬಿಡುವವರೇ ಜಾಸ್ತಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರು ಹೊಸ ಅಭ್ಯಾಸ ಬೆಳೆಸಿಕೊಳ್ಳುವುದನ್ನು ಗಮನಿಸಿದ್ದರು. ಅಭ್ಯಾಸ ತಾನಾಗಿ ನಡೆಯುವಂತಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು, ಆದರೆ ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ ಅಂದಾಜು ಬಂತು. 21 ದಿನದಲ್ಲಿ ಅಭ್ಯಾಸ ಬೆಳೆಯುತ್ತದೆ ಅನ್ನುವ ಮಾತಿಗೆ ಅಲ್ಲಿ ಆಧಾರ ಇಲ್ಲ. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ಎರಡನೇ_ದಾರಿ

ಎಲ್ಲರೂ ಮುಂದುವರಿಯಿರಿ ಅನ್ನುತ್ತಿದ್ದಾರೆ. ನಾನು ಇನ್ನೊಂದು ಕಡೆಯಿಂದ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಿಡುವುದು ಯಾವಾಗಲೂ ಸೋಲಲ್ಲ. ನಾನು ವರ್ಷಗಟ್ಟಲೆ ಕಲಿತ ಒಂದು ವೃತ್ತಿಯನ್ನು ಬಿಟ್ಟು ಬೇರೆಯದಕ್ಕೆ ಬಂದವನು. ಬಿಟ್ಟದ್ದು ಸರಿಯಾಯಿತು ಅಂತ ಇವತ್ತಿಗೂ ಅನ್ನುತ್ತೇನೆ.

ಛಲ ಹುಟ್ಟಿನಿಂದ ಬರುತ್ತದಾ ಅಂತ ಕೇಳಿದಿರಿ. 2007ರಲ್ಲಿ ಆಂಜೆಲಾ ಡಕ್ವರ್ತ್ ಮತ್ತು ಜೊತೆಗಾರರು "ಗ್ರಿಟ್" (ಛಲ) ಎಂಬ ಅಳತೆಯನ್ನು ಮುಂದಿಟ್ಟ ಮೇಲೆ ಜನ ಎಲ್ಲದಕ್ಕೂ ಅದನ್ನೇ ಹಿಡಿದುಕೊಂಡರು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಮೊದಲ ಬೇಸಿಗೆಯ ಕಠಿಣ ತರಬೇತಿಯನ್ನು ಯಾರು ಮುಗಿಸುತ್ತಾರೆ ಅಂತ ಊಹಿಸುವುದಕ್ಕೆ ಆ ಅಳತೆ ಉಪಯೋಗಕ್ಕೆ ಬಂತು, ಅದು ನಿಜ. ಆದರೆ 2017ರಲ್ಲಿ ಮಾರ್ಕಸ್ ಕ್ರೆಡೆ ಮತ್ತು ಇತರರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಅದು ಬಹುಪಾಲು ಶಿಸ್ತು, ಅಚ್ಚುಕಟ್ಟು ಅಂತ ಮೊದಲೇ ಅಳೆಯುತ್ತಿದ್ದ ಗುಣವೇ ಅಂತ ಕಂಡಿತು. ಓದು, ಕೆಲಸದ ಫಲಿತಾಂಶದ ಜೊತೆ ಅದರ ನಂಟೂ ಅಷ್ಟೇನೂ ಬಲವಾಗಿರಲಿಲ್ಲ. ಅಂದರೆ ನಿಮ್ಮೊಳಗೆ ಯಾವುದೋ ವಸ್ತು ಕಡಿಮೆ ಇದೆ ಅಂತ ಕೊರಗಬೇಡಿ.

ಈಗ ಬಿಡುವ ವಿಷಯ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ ಒಂದು ನಾಟಕಶಾಲೆಯ ಟಿಕೆಟ್ ಮೇಲೆ ಮಾಡಿದ ಪ್ರಯೋಗ ಇದೆ. ಇಡೀ ಸೀಸನ್ನಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ, ಅವರು ಕೇಳದೆಯೇ, ರಿಯಾಯಿತಿ ಕೊಟ್ಟರು. ಪೂರ್ತಿ ಹಣ ಕೊಟ್ಟವರು ಸೀಸನ್ನಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಬಂದರು. ನಾಟಕ ಒಂದೇ, ಕುರ್ಚಿ ಒಂದೇ. ಕೊಟ್ಟ ಹಣ ವ್ಯರ್ಥ ಆಗಬಾರದು ಅನ್ನುವುದು ಎಳೆದು ತಂದಿತು. ನಾವೂ ಹಾಗೆಯೇ ಇಷ್ಟು ದಿನ ಹಾಕಿದ್ದೇನೆ ಅಂತ ಇನ್ನಷ್ಟು ದಿನ ಹಾಕುತ್ತೇವೆ. ಅದಕ್ಕೇ ನಾನು ಕೇಳಿಕೊಂಡ ಪ್ರಶ್ನೆ ಇದು: ಈವರೆಗೆ ಏನೂ ಮಾಡಿಲ್ಲ, ಇವತ್ತೇ ಹೊಸದಾಗಿ ಆರಿಸಬೇಕು ಅಂತಿದ್ದರೆ, ನಾನು ಇದನ್ನು ಆರಿಸುತ್ತೇನಾ?

ಇನ್ನೊಂದು ಪ್ರಶ್ನೆಯೂ ಬೇಕು. ಬಿಡಬೇಕು ಅನ್ನಿಸುತ್ತಿರುವುದು ಗುರಿಯನ್ನಾ, ಈಗ ಹೋಗುತ್ತಿರುವ ದಾರಿಯನ್ನಾ? ನಿಮ್ಮ ಬರಹ ಓದಿದರೆ ನಿಮಗೆ ಪ್ರೋಗ್ರಾಮಿಂಗ್ ಬೇಡವಾಗಿದೆ ಅನ್ನಿಸುವುದಿಲ್ಲ. ಒಬ್ಬರೇ ಕೂತು, ದಣಿದ ಹೊತ್ತಲ್ಲಿ, ಎಲ್ಲಿ ತಪ್ಪಿದೆ ಅಂತ ಹೇಳುವವರಿಲ್ಲದೆ ಕಲಿಯುವುದು ಬೇಡವಾಗಿದೆ. ಅದು ಬದಲಾಯಿಸಬಹುದಾದ ವಿಷಯ.

ಬಿಡುವುದಾದರೂ ಕೆಟ್ಟ ದಿನ ರಾತ್ರಿ ನಿರ್ಧಾರ ಮಾಡಬೇಡಿ. ಮುಂದೆ ಒಂದು ದಿನಾಂಕ ಇಟ್ಟುಕೊಳ್ಳಿ. ಅಷ್ಟರೊಳಗೆ ಏನಾದರೆ ಮುಂದುವರಿಯುತ್ತೇನೆ, ಏನಾಗದಿದ್ದರೆ ನಿಲ್ಲಿಸುತ್ತೇನೆ ಅಂತ ಈಗಲೇ ಬರೆದಿಡಿ. ಅಲ್ಲಿಯವರೆಗೆ ದಿನವೂ ಬಿಡಲಾ ಇರಲಾ ಅಂತ ಮನಸ್ಸಿನ ಜೊತೆ ಜಗಳ ಆಡಬೇಡಿ, ಆ ಜಗಳಕ್ಕೆ ಹೋಗುವ ಶಕ್ತಿ ಕಲಿಯುವುದಕ್ಕಿಂತ ಜಾಸ್ತಿ. ಕಾರ್ಸ್ಟೆನ್ ವ್ರೋಶ್ ಮತ್ತು ಜೊತೆಗಾರರು 2003ರಿಂದ ಮಾಡಿಕೊಂಡು ಬಂದ ಅಧ್ಯಯನಗಳಲ್ಲಿ, ಕೈಗೆ ಎಟುಕದ ಗುರಿಯನ್ನು ಬಿಡಲು ಬರುವವರು ಮತ್ತು ಬಿಟ್ಟ ಮೇಲೆ ಹೊಸದನ್ನು ಹಿಡಿಯಲು ಬರುವವರು ಹೆಚ್ಚು ನೆಮ್ಮದಿಯಾಗಿರುವುದು ಕಂಡಿದೆ. ಎರಡನೆಯದು ಮುಖ್ಯ. ಬಿಟ್ಟರೆ ಯಾವುದಕ್ಕೆ ಹೋಗುತ್ತೀರಿ ಅನ್ನುವುದೂ ಆ ಹಾಳೆಯಲ್ಲಿರಲಿ.

ಸಂಜೆ_ಕಲಿಕೆ

ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಮಯ ಕೊಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಎರಡನೇ_ದಾರಿ ಅವರೇ, ಇವತ್ತೇ ಹೊಸದಾಗಿ ಆರಿಸಬೇಕು ಅಂದರೂ ಇದನ್ನೇ ಆರಿಸುತ್ತೇನೆ. ಪ್ರಶ್ನೆ ಓದಿದ ಕೂಡಲೇ ಉತ್ತರ ಬಂತು, ನನಗೇ ಆಶ್ಚರ್ಯ ಆಯಿತು. ಆದರೆ ನನಗೆ ಇದು ಬರುವುದಿಲ್ಲ ಅನ್ನುವ ಭಯ ಹೋಗಿಲ್ಲ. ಪಾಠದ ವಿಡಿಯೋ ನೋಡುವಾಗ ಎಲ್ಲ ತಿಳಿಯುತ್ತದೆ. ಖಾಲಿ ಫೈಲ್ ತೆರೆದರೆ ಒಂದು ಸಾಲೂ ಹೊಳೆಯುವುದಿಲ್ಲ. ಅಂದರೆ ನಾನು ಕಲಿತೇ ಇಲ್ಲ ಅಂತ ತಾನೆ?

ಸದ್ಯಕ್ಕೆ ಸಿಕ್ಕಿಹಾಕಿಕೊಂಡಿರುವ ಜಾಗ ಇದು. ಫಾರ್ಮ್‌ನಲ್ಲಿ ಪುಸ್ತಕದ ಹೆಸರು ಹಾಕಿ ಒತ್ತುತ್ತೇನೆ, ಎರರ್ ಏನೂ ಬರುವುದಿಲ್ಲ. ಆದರೆ ಪಟ್ಟಿಯ ಪುಟ ತೆರೆದರೆ ಪುಸ್ತಕ ಇರುವುದಿಲ್ಲ. ವೆಬ್ ಆಪ್ ಕಟ್ಟಲು ಫ್ಲಾಸ್ಕ್, ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್ ಬಳಸುತ್ತಿದ್ದೇನೆ.

ಬಗ್_ಬೇಟೆ

ಇದೇ ಕೆಲಸದಲ್ಲಿ ಇದ್ದೇನೆ, ಆದ್ದರಿಂದ ಮೊದಲು ನಿಮ್ಮ ಪುಸ್ತಕ ಕಾಣದ ತೊಂದರೆ. ಡೇಟಾ ಸೇರಿಸುವ ಸಾಲಿನ ನಂತರ ಕನೆಕ್ಷನ್ ಮೇಲೆ ಕಮಿಟ್ (ಬದಲಾವಣೆಯನ್ನು ಉಳಿಸುವ ಆದೇಶ) ಕರೆದಿದ್ದೀರಾ ನೋಡಿ. ಪೈಥಾನ್‌ನ ಎಸ್‌ಕ್ಯೂಲೈಟ್ ಮಾಡ್ಯೂಲ್‌ನಲ್ಲಿ, ನೀವು ಬೇರೆ ಸೆಟ್ಟಿಂಗ್ ಮಾಡಿರದಿದ್ದರೆ, ಕಮಿಟ್ ಮಾಡದೆ ಕನೆಕ್ಷನ್ ಮುಚ್ಚಿದರೆ ಸೇರಿಸಿದ್ದು ಉಳಿಯುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಹೊಸಬರನ್ನು ತುಂಬಾ ಕಾಡುವ ವಿಷಯ ಇದು, ಇದರಿಂದ ನಿಮ್ಮ ಬುದ್ಧಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಈಗ "ನಾನು ಕಲಿತೇ ಇಲ್ಲ" ಅನ್ನುವ ಮಾತು. ಇದಕ್ಕೆ ನಿಧಾನವಾಗಿ ಉತ್ತರ ಕೊಡಬೇಕು, ಯಾಕೆಂದರೆ ನನ್ನ ಕಣ್ಣೆದುರೇ ಒಳ್ಳೊಳ್ಳೆಯವರು ಇದೇ ಕಾರಣಕ್ಕೆ ಬಿಟ್ಟು ಹೋಗಿದ್ದಾರೆ.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಗದ್ಯಭಾಗ ಓದಲು ಕೊಟ್ಟರು. ಒಂದು ಗುಂಪು ಅದನ್ನೇ ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಎಲ್ಲ ತಿರುಗಿತ್ತು, ನೆನಪಿನಿಂದ ಬರೆದವರು ಬಹಳ ಮುಂದಿದ್ದರು. ಓದುತ್ತಲೇ ಇದ್ದವರಿಗೆ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಜಾಸ್ತಿ ಇತ್ತು ಅನ್ನುವುದು ಇದರಲ್ಲಿ ನೋಡಬೇಕಾದ ಸಂಗತಿ. ವಿಡಿಯೋ ನೋಡುವಾಗ ಸಲೀಸಾಗಿ ತಿಳಿಯುತ್ತದೆ ಅಂದಿರಲ್ಲ, ಆ ಸಲೀಸನ್ನು ನಂಬಬೇಡಿ. ಖಾಲಿ ಫೈಲ್ ಮುಂದೆ ಒದ್ದಾಡುತ್ತೀರಲ್ಲ, ಕಲಿಕೆ ನಡೆಯುವುದು ಅಲ್ಲಿ. ರಾಬರ್ಟ್ ಬ್ಯೋರ್ಕ್ 1994ರಲ್ಲೇ ಇಂಥ ಕಷ್ಟಗಳನ್ನು ಬೇಕಾದ ಕಷ್ಟ ಎಂದು ಕರೆದಿದ್ದರು. ಅಂದರೆ ನಿಮಗೆ ಬಿಡಬೇಕು ಅನ್ನಿಸಲು ಶುರುವಾಗಿದ್ದೂ ನೀವು ನಿಜವಾಗಿ ಕಲಿಯಲು ಶುರು ಮಾಡಿದ್ದೂ ಒಂದೇ ಹೊತ್ತಿನಲ್ಲಿ.

ಎಲ್ಲ ಒದ್ದಾಟವೂ ಒಳ್ಳೆಯದಲ್ಲ, ಅದನ್ನೂ ಹೇಳಬೇಕು. ಒಂದೇ ಪ್ರಯತ್ನವನ್ನು ಹತ್ತು ಸಲ ಮಾಡುವುದು ಸುಮ್ನೆ ದಣಿವು. ಗಣಿತಜ್ಞ ಆಂಡ್ರ್ಯೂ ವೈಲ್ಸ್ ಅವರ ಕಥೆ ನನಗೆ ಇದಕ್ಕೇ ಇಷ್ಟ. 1986ರಿಂದ ಬಹುಮಟ್ಟಿಗೆ ಒಬ್ಬರೇ, ಗುಟ್ಟಾಗಿ, ಫರ್ಮಾನ ಕೊನೆಯ ಪ್ರಮೇಯ ಎಂಬ, ಶತಮಾನಗಳಿಂದ ಬಗೆಹರಿಯದಿದ್ದ ಗಣಿತದ ಸಮಸ್ಯೆಯ ಮೇಲೆ ಕೆಲಸ ಮಾಡಿ 1993ರ ಜೂನ್‌ನಲ್ಲಿ ಅದನ್ನು ಸಾಧಿಸಿದ್ದೇನೆ ಎಂದು ಹೇಳಿದರು. ಜಗತ್ತೆಲ್ಲ ಸುದ್ದಿಯಾಯಿತು. ಆಮೇಲೆ ಪರಿಶೀಲಿಸುವಾಗ ಅದರಲ್ಲಿ ಒಂದು ಬಿರುಕು ಸಿಕ್ಕಿತು. ತಮ್ಮ ಹಳೆಯ ವಿದ್ಯಾರ್ಥಿ ರಿಚರ್ಡ್ ಟೇಲರ್ ಅವರನ್ನು ಜೊತೆಗೆ ಕರೆದುಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಿದರೂ ಅದು ಮುಚ್ಚಲಿಲ್ಲ. ಇನ್ನೇನು ಕೈಬಿಡುವ ಹಂತ. 1994ರ ಸೆಪ್ಟೆಂಬರ್ 19ರಂದು ವೈಲ್ಸ್ ಕೊನೆಯ ಸಲ ಕೂತದ್ದು ಗೆಲ್ಲುವುದಕ್ಕೆ ಅಲ್ಲ, ಈ ವಿಧಾನ ಯಾಕೆ ನಡೆಯುತ್ತಿಲ್ಲ ಅಂತ ತಿಳಿಯುವುದಕ್ಕೆ. ಅದನ್ನು ನೋಡುತ್ತಾ ಹೋದಾಗ, ಮೊದಲೊಮ್ಮೆ ಪ್ರಯತ್ನಿಸಿ ಬಿಟ್ಟಿದ್ದ ಇವಾಸಾವಾ ಸಿದ್ಧಾಂತ ಎಂಬ ಗಣಿತದ ದಾರಿ ಮತ್ತು ಈಗ ಸೋತ ದಾರಿ ಎರಡೂ ಸೇರಿದರೆ ಕೆಲಸ ಆಗುತ್ತದೆ ಅಂತ ಕಂಡಿತು. ಆ ಸಾಧನೆ (ಪ್ರೂಫ್) 1995ರಲ್ಲಿ ಪ್ರಕಟವಾಯಿತು.

ಎರರ್ ಮುಂದೆ ಕೂತಾಗ ನೀವೂ ಹೀಗೇ ಕೇಳಿ. "ಇದನ್ನು ಸರಿ ಮಾಡುವುದು ಹೇಗೆ" ಅನ್ನುವ ಪ್ರಶ್ನೆ ಹೆದರಿಸುತ್ತದೆ. "ಇದು ಯಾಕೆ ಹೀಗಾಗುತ್ತಿದೆ" ಅನ್ನುವುದಕ್ಕೆ ಕುತೂಹಲ ಸಾಕು. ಟ್ರೇಸ್‌ಬ್ಯಾಕ್ (ಎರರ್ ಬಂದ ದಾರಿಯ ವರದಿ) ಬಂದರೆ ಕೊನೆಯ ಸಾಲಿನಿಂದ ಓದಿ, ಏನಾಯಿತು ಅಂತ ಅಲ್ಲಿರುತ್ತದೆ. ಅಲ್ಲಿಂದ ಮೇಲಕ್ಕೆ ಹೋಗಿ ನಿಮ್ಮದೇ ಫೈಲಿನ ಹೆಸರು ಎಲ್ಲಿದೆ ನೋಡಿ. ಅರ್ಧ ಗಂಟೆಯಲ್ಲಿ ತಿಳಿಯದಿದ್ದರೆ ಯಾರನ್ನಾದರೂ ಕೇಳಿ, ಆದರೆ ಕೇಳುವಾಗ ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಅಂತ ಮೂರನ್ನೂ ಬರೆಯಿರಿ. ಅಷ್ಟು ಬರೆಯುವಷ್ಟರಲ್ಲಿ ಎಷ್ಟೋ ಸಲ ಉತ್ತರ ತಾನೇ ಹೊಳೆಯುತ್ತದೆ. ಈಗ ನೀವು ಇಲ್ಲಿ ಬರೆದದ್ದು ಸರಿಯಾಗಿ ಹಾಗೆಯೇ ಇತ್ತು, ಅದಕ್ಕೇ ನಾನು ಕೋಡ್ ನೋಡದೆಯೇ ಊಹಿಸಲು ಆಯಿತು.

ನಿಧಾನ_ಓದುಗ

ಒಂದು ಚಿಕ್ಕ ಮಾತು, ಯಾರೂ ಹೇಳಿಲ್ಲ ಅಂತ ಹೇಳುತ್ತಿದ್ದೇನೆ. ಬೇಸರ ಈ ಕಲಿಕೆಯೊಂದರ ಮೇಲೆ ಮಾತ್ರನಾ, ಎಲ್ಲದರ ಮೇಲೂನಾ? ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಇಷ್ಟವಾಗುತ್ತಿಲ್ಲ, ನಿದ್ದೆ ಹಸಿವು ಏರುಪೇರಾಗಿದೆ, ಹೆಚ್ಚಿನ ದಿನಗಳಲ್ಲಿ ಮನಸ್ಸು ಭಾರ, ಇದು ಎರಡು ವಾರ ದಾಟಿದೆ ಅಂತಿದ್ದರೆ ಅದು ಛಲದ ಪ್ರಶ್ನೆ ಅಲ್ಲ. ವೈದ್ಯರನ್ನು ನೋಡಿ. ಖಿನ್ನತೆಗೆ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ ಹತ್ತಿರದವರಿಗೆ ಹೇಳಿ, ಸಹಾಯ ಪಡೆಯಿರಿ.

ಅಷ್ಟಿಲ್ಲ, ಬರೀ ಕೈಚೆಲ್ಲಿದ ಹಾಗಿದೆ ಅಂತಾದರೆ ಇದನ್ನು ಓದಿ. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇದ್ದರೂ ಪ್ರಯತ್ನಿಸುವುದಿಲ್ಲ ಎಂದು ತೋರಿಸಿದ್ದರು. ಅಸಹಾಯಕತೆಯನ್ನು ಅವು ಕಲಿತವು ಎಂದು ಆಗ ಹೇಳಿದ್ದರು. ಸುಮಾರು ಐವತ್ತು ವರ್ಷ ಆದ ಮೇಲೆ, 2016ರಲ್ಲಿ, ಮಿದುಳಿನ ಅಧ್ಯಯನಗಳನ್ನು ನೋಡಿ ಅದೇ ಇಬ್ಬರು ತಮ್ಮ ಮಾತನ್ನು ತಿರುಗಿಸಿದರು. ದೀರ್ಘ ಕಷ್ಟಕ್ಕೆ ಸಿಕ್ಕಿದಾಗ ಕೈಚೆಲ್ಲುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು "ನಾನು ಮಾಡಿದರೆ ಏನೋ ಬದಲಾಗುತ್ತದೆ" ಅನ್ನುವುದನ್ನು ಎಂದರು. ಇದನ್ನು ಓದಿದಾಗ ನನಗೆ ತುಂಬಾ ಸಮಾಧಾನವಾಯಿತು. ಕೈಚೆಲ್ಲಬೇಕು ಅನ್ನಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮೇಲಿನವರು ಹೇಳಿದ ಚಿಕ್ಕ ಚಿಕ್ಕ ಕೆಲಸಗಳು ಯಾಕೆ ಬೇಕು ಅನ್ನುವುದಕ್ಕೂ ಇದೇ ಉತ್ತರ. ನೀವು ಮಾಡಿದಿರಿ, ಬದಲಾಯಿತು. ಅದು ಪದೇ ಪದೇ ಕಾಣಬೇಕು.

ಸಂಜೆ_ಕಲಿಕೆ

ಕಮಿಟ್ ಇರಲಿಲ್ಲ! ಸೇರಿಸಿದ ಕೂಡಲೇ ಪುಸ್ತಕ ಪಟ್ಟಿಯಲ್ಲಿ ಬಂತು. ಒಬ್ಬನೇ ಕೂತು ಜೋರಾಗಿ ಕೂಗಿಬಿಟ್ಟೆ.

ನಿಧಾನ_ಓದುಗ ಅವರೇ, ಬೇಸರ ಇದರ ಮೇಲೆ ಮಾತ್ರ. ಉಳಿದಂತೆ ಚೆನ್ನಾಗಿಯೇ ಇದ್ದೇನೆ, ಕೇಳಿದ್ದಕ್ಕೆ ಥ್ಯಾಂಕ್ಸ್.

ಇನ್ನೆರಡು ಪ್ರಶ್ನೆ ಉಳಿದಿವೆ. ಆಫೀಸಿನಲ್ಲಿ ತಡವಾಗಿ ಮನೆಗೆ ಬಂದು ಕಣ್ಣೇ ತೆರೆಯಲಾಗದ ದಿನ ಏನು ಮಾಡಲಿ? ಮತ್ತೆ, ಈಗ ಪುಟ ರಿಫ್ರೆಶ್ ಮಾಡಿದರೆ ಅದೇ ಪುಸ್ತಕ ಎರಡನೇ ಸಲ ಸೇರುತ್ತಿದೆ!

ಥೀಸಿಸ್_ಮುಗೀತು

ಅಂಥ ದಿನ ಮಲಗಿ. ನಿಜವಾಗಿ ಹೇಳುತ್ತಿದ್ದೇನೆ, ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದಕ್ಕೂ ನಿದ್ದೆ ಬೇಕು. ಆದರೆ ಅಂಥ ದಿನಕ್ಕೆ ಅಂತಲೇ ಒಂದು ಕನಿಷ್ಠ ಕೆಲಸ ಮೊದಲೇ ಗೊತ್ತು ಮಾಡಿಡಿ. ನನ್ನದು ಫೈಲ್ ತೆರೆದು ನಿನ್ನೆ ಬರೆದಿಟ್ಟ ಸಾಲನ್ನು ಓದಿ ಮುಚ್ಚುವುದಾಗಿತ್ತು. ಅದು ಎರಡು ನಿಮಿಷ ಕೂಡ ಆಗುವುದಿಲ್ಲ. ಅದೂ ಆಗದಿದ್ದರೆ ಬಿಡಿ, ಮರುದಿನ ತಪ್ಪಿಸಬೇಡಿ ಅಷ್ಟೆ. ಬಿಟ್ಟ ದಿನದ ಬಾಕಿಯನ್ನು ಮರುದಿನದ ಮೇಲೆ ಹೇರಲೂ ಬೇಡಿ.

ಬಗ್_ಬೇಟೆ

ರಿಫ್ರೆಶ್ ಮಾಡಿದಾಗ ಬ್ರೌಸರ್ ಅದೇ ಫಾರ್ಮನ್ನು ಮತ್ತೆ ಕಳಿಸುತ್ತಿದೆ. ಪುಸ್ತಕ ಸೇರಿಸಿದ ಮೇಲೆ ಪುಟವನ್ನು ಅಲ್ಲೇ ತೋರಿಸುವ ಬದಲು ಪಟ್ಟಿಯ ಪುಟಕ್ಕೆ ರೀಡೈರೆಕ್ಟ್ ಮಾಡಿ, ಅಂದರೆ ಬ್ರೌಸರನ್ನು ಆ ಪುಟಕ್ಕೆ ಕಳಿಸಿ. ಫ್ಲಾಸ್ಕ್‌ನಲ್ಲಿ ಅದಕ್ಕೆ ಅದೇ ಹೆಸರಿನ ಫಂಕ್ಷನ್ ಇದೆ. ಮೊದಲು ನೀವೇ ಮಾಡಿ ನೋಡಿ, ಆಗದಿದ್ದರೆ ಪುಸ್ತಕ ಸೇರಿಸುವ ನಿಮ್ಮ ಫಂಕ್ಷನ್ನಿನ ಕೋಡ್ ಇಲ್ಲಿ ಹಾಕಿ, ನಾಳೆ ಸಂಜೆ ನೋಡುತ್ತೇನೆ.